ಅಂಟದೆ ಉಳಿದ ಪುಡಿ

೧೦ ಜೂನ್ ೧೯೫೭, ಸೋಮವಾರ

ವಿಲೆ ಪಾರ್ಲೆಯಿಂದ ೮.೧೨ರ ಲೋಕಲ್. ಆರು ನಿಮಿಷ ತಡ. ದಾದರಿನಲ್ಲಿ ಸೇತುವೆ ದಾಟುವಾಗ ಮಳೆ ಶುರುವಾಯಿತು. ಸೆಂಟ್ರಲ್ ಲೈನಿನ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿ ಪೇಪರ್ ಪೂರಾ ಓದಿದೆ. ಘಾಟ್ಕೋಪರ್ ೯.೨೦. ಲ್ಯಾಬಿನಲ್ಲಿ ಸಹಿ ೯.೩೫.

ವಿನೋದಿನಿಯವರ ಲೋಹದ ಗುಂಡಿ ಇವತ್ತು ತಯಾರಾಯಿತು. ತಾಮ್ರ, ಮ್ಯಾಂಗನೀಸ್, ಅಲ್ಯುಮಿನಿಯಂ. ಕರಗಿಸಿ, ಎರೆದು, ಮತ್ತೆ ಎಂಟುನೂರು ಡಿಗ್ರಿಗೆ ಕಾಯಿಸಿ ನೇರ ನೀರಿಗೆ. ಹದಿನೆಂಟು ಗ್ರಾಂ, ತೂಗಿದವನು ನಾನೇ. ಒರೆಸಿ ಮೇಜಿನ ಮೇಲಿಟ್ಟು ಅಯಸ್ಕಾಂತ ಹತ್ತಿರ ತಂದೆ. ಟಕ್ಕನೆ ಬಂದು ಹಿಡಿಯಿತು.

ಪುಸ್ತಕದಲ್ಲಿ ಓದಿ ಗೊತ್ತಿತ್ತು. ಕೈಗೆ ಆ ಎಳೆತ ಸಿಕ್ಕಿದ್ದು ಬೇರೆ. ಈ ಮೂರರಲ್ಲಿ ಯಾವುದೂ ಒಂಟಿಯಾಗಿ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಮೂರೂ ಸೇರಿ, ಪರಮಾಣುಗಳು ತಕ್ಕ ಸಾಲಿನಲ್ಲಿ ಕೂತರೆ ಕಬ್ಬಿಣದ ಹಾಗೆ ನಡೆದುಕೊಳ್ಳುತ್ತವೆ. ಹಾಯ್ಸ್ಲರ್ ಎಂಬ ಜರ್ಮನ್ ಈ ಶತಮಾನದ ಆರಂಭದಲ್ಲಿ ಕಂಡದ್ದು, ಹಾಗಾಗಿ ಅವನದೇ ಹೆಸರು. ಆ ಸಾಲು ಹೇಗಿದೆ, ಯಾವ ಕಾವಿಗೆ ಅದರ ಶಕ್ತಿ ಹೋಗುತ್ತದೆ — ಇದು ವಿನೋದಿನಿಯವರ ಥೀಸಿಸ್.

ದಾದರಿನ ಉಡುಪಿ ಹೋಟೆಲಿನ ಮನೆಯ ಹುಡುಗಿ. ಮಾತು ಕಡಿಮೆ, ಕೆಲಸ ಚೊಕ್ಕ. ಇವತ್ತು ಮಾತ್ರ ಆ ಗುಂಡಿಯನ್ನು ನಾಲ್ಕು ಸಲ ಅಂಟಿಸಿ ಕಿತ್ತು ನೋಡಿದರು.

ಶುದ್ಧ ಮ್ಯಾಂಗನೀಸ್ ಇದರೊಂದಿಗೆ ಮುಗಿಯಿತು. ಇನ್ನು ಆಮದು ಲೈಸೆನ್ಸ್ ಆಗಿ ಬರಬೇಕು. ಆರು ತಿಂಗಳಿಗೆ ಕಡಿಮೆಯಿಲ್ಲ.

೧೩ ಜೂನ್, ಗುರುವಾರ

ಗುಂಡಿಯ ಅಂಚಿನಿಂದ ಕೊಯ್ದ ತೆಳು ಪಟ್ಟಿಗೆ ತಂತಿ ಕಟ್ಟಿ, ಕುಲುಮೆಯಲ್ಲಿಟ್ಟು, ಹತ್ತು ಹತ್ತು ಡಿಗ್ರಿಗೆ ವಿದ್ಯುತ್ ರೋಧ ಅಳೆದೆ. ಬೆಳಿಗ್ಗೆ ೧೦ರಿಂದ ೪.೩೦. ರೋಧ ಏರುತ್ತ ಹೋಯಿತು. ೩೩೦ ಡಿಗ್ರಿಯ ಆಸುಪಾಸಿನಲ್ಲಿ ಗೆರೆ ಬಾಗಿತು. ಅಲ್ಲಿಂದ ಮುಂದೆ ಏರಿಕೆ ನಿಧಾನ. ಎಲೆಕ್ಟ್ರಾನುಗಳು ಕಾಂತಶಕ್ತಿ ಹೋದದ್ದನ್ನು ತಿಳಿದು ದಾರಿ ಬದಲಿಸಿದ ಹಾಗೆ. ಬಿಚ್ಚುವಾಗ ಪಟ್ಟಿ ಮುರಿಯಿತು. ಬಹಳ ಪೆಡಸು ಲೋಹ. ಚೂರುಗಳನ್ನೂ ಗುಂಡಿಯ ಜೊತೆ ಪುಡಿ ಮಾಡಲು ಐತನಿಗೆ ಕೊಟ್ಟೆವು. ಎಕ್ಸ್-ರೇ ಚಿತ್ರಕ್ಕೆ ಪುಡಿಯೇ ಆಗಬೇಕು.

ಐತ ಲ್ಯಾಬಿನ ಹಮಾಲ. ಐವತ್ತು ದಾಟಿದೆ. ಮಂಗಳೂರು ಕಡೆಯವನು, ಇಲ್ಲಿಗೆ ಬರುವ ಮುಂಚೆ ಹನ್ನೊಂದು ವರ್ಷ ದಾದರಿನ ಹಿಟ್ಟಿನ ಗಿರಣಿಯಲ್ಲಿದ್ದ. ಅರ ಹಿಡಿದು ಉಜ್ಜಲು ಕೂತರೆ ಪುಡಿ ಒಂದೇ ಹದಕ್ಕೆ ಬೀಳುತ್ತದೆ. ಈ ಲೋಹ ಕೈಗೆ ಬರಲು ಹತ್ತು ದಿನ ಕೊಡಿ ಎಂದ.

ಮೈಸೂರಿನ ಪೇಪರ್ ಟಪಾಲಿನಲ್ಲಿ ಬಂತು, ಮೂರು ದಿನ ಹಳೆಯದು. ಒಳಪುಟದ ಮೂಲೆಯಲ್ಲಿ ತಿದ್ದುಪಡಿ, ಮೂರು ಸಾಲು. ಅಪ್ಪನ ನೆನಪಾಯಿತು. ಮೂವತ್ತು ವರ್ಷ ಪ್ರೂಫ್ ನೋಡಿದವರು. ತಪ್ಪು ಯಾವ ಪುಟದಲ್ಲಿ ಬಿತ್ತೋ ಅದೇ ಪುಟದಲ್ಲಿ ತಿದ್ದುಪಡಿ ಬೀಳಬೇಕು ಎಂದು ಸಂಪಾದಕರೊಡನೆ ಜಗಳವಾಡುತ್ತಿದ್ದರು. ಒಂದು ಸಲವೂ ಗೆಲ್ಲಲಿಲ್ಲ.

೧೯ ಜೂನ್, ಬುಧವಾರ

ಮೈಕೈ ನೋವು. ಲೋಕಲಿನಲ್ಲಿ ಎಲ್ಲರೂ ಕೆಮ್ಮುತ್ತಾರೆ. ಪೇಪರಿನಲ್ಲಿ ದಿನವೂ ಫ್ಲೂ ಸುದ್ದಿ. ಸಂಜೆ ೧೦೨ ಡಿಗ್ರಿ.

೨೭ ಜೂನ್, ಗುರುವಾರ

ಎಂಟು ದಿನ ಬರೆದಿಲ್ಲ. ಜ್ವರ ಇಳಿದು ಮತ್ತೆ ಏರಿತು. ಚಾಳಿನಲ್ಲಿ ಮನೆಗೊಬ್ಬರು ಮಲಗಿದ್ದಾರೆ. ಹೆಂಡತಿ ಪಂಕಜಾ ಒಬ್ಬಳೇ ನೆಟ್ಟಗಿದ್ದು ನಲ್ಲಿಯ ಸಾಲಿನಲ್ಲಿ ನಿಂತು ನೀರು ತರುತ್ತಾಳೆ.

ಐತ ಮೂರು ಸಲ ಬಂದು ಹೋಗಿದ್ದಾನೆ. ಗಂಜಿಗೆಂದು ಕುಚ್ಚಲಕ್ಕಿ ತಂದ. ಇವತ್ತು ಬಾಗಿಲ ಬಳಿ ಕೂತು ಸುದ್ದಿ ಹೇಳಿದ. ಪುಡಿ ಆಯಿತಂತೆ, ಮೇಡಂ ಕೈಗೆ ಕೊಟ್ಟನಂತೆ. ನೀವು ಹೇಳಿದ ಪ್ರಕಾರವೇ ಮಾಡಿದ್ದೇನೆ, ಈ ಸಲ ಕಬ್ಬಿಣ ಸುಮಾರು ಬಂತು ಎಂದ. ಸರಿ ಎಂದೆ. ತಲೆ ಎತ್ತಲು ಆಗುತ್ತಿರಲಿಲ್ಲ.

೮ ಜುಲೈ, ಸೋಮವಾರ

ಕೆಲಸಕ್ಕೆ ಹೋದೆ. ಕಾಲಲ್ಲಿ ಇನ್ನೂ ಬಲವಿಲ್ಲ.

ಲ್ಯಾಬಿನಲ್ಲಿ ಕೆಟ್ಟ ಸುದ್ದಿ. ಪುಡಿಯಲ್ಲಿ ಕಾಂತಶಕ್ತಿ ಇಲ್ಲ. ತಕ್ಕಡಿಯಲ್ಲಿ ತೂಗುಹಾಕಿ ಅಯಸ್ಕಾಂತದ ನಡುವೆ ಇಟ್ಟರೆ ಮುಳ್ಳು ಅಲುಗಿದರೆ ಅಲುಗಿತು. ಎಕ್ಸ್-ರೇ ಚಿತ್ರದಲ್ಲಿ ಇರಬೇಕಾದ ಗೆರೆಗಳಿಲ್ಲ, ಬೇಡದ ಗೆರೆಗಳಿವೆ. ಸಾಲು ಕೂತೇ ಇಲ್ಲ ಎಂದು ಅರ್ಥ.

ನಮ್ಮ ಮುಖ್ಯಸ್ಥರು ಡಾ. ಸಬನೀಸ್. ಅವರ ತೀರ್ಮಾನ: ಗುಂಡಿ ಅಂಟಿದ್ದು ಒಳಗಿನ ಗುಣದಿಂದಲ್ಲ. ಕರಗಿಸುವಾಗ ಎಲ್ಲೋ ಕಬ್ಬಿಣ ಸೇರಿದೆ, ಇಕ್ಕಳದಿಂದಲೋ ಕಲಕುವ ಕಡ್ಡಿಯಿಂದಲೋ. ಅಂದರೆ ವಿನೋದಿನಿಯವರ ಅಜಾಗ್ರತೆ. ಅವರು ಗ್ರಾಫೈಟ್ ಕಡ್ಡಿ ಬಿಟ್ಟು ಬೇರೇನೂ ಮುಟ್ಟಿಸಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಹಾಗೆಂದು ಹೇಳಿದೆ. ಡಾಕ್ಟರು ತಲೆಯಾಡಿಸಿದರು, ಒಪ್ಪಿ ಅಲ್ಲ.

೧೨ ಜುಲೈ, ಶುಕ್ರವಾರ

ವಿನೋದಿನಿಯವರು ನನ್ನ ಜೂನ್ ೧೩ರ ಅಂಕಿಗಳನ್ನು ಹಿಡಿದು ವಾದಿಸಿದರು. ಕಬ್ಬಿಣವಾಗಿದ್ದರೆ ಅದರ ಶಕ್ತಿ ಹೋಗುವುದು ೭೭೦ ಡಿಗ್ರಿಯಲ್ಲಿ. ಈ ಗೆರೆ ಬಾಗಿದ್ದು ೩೩೦ರಲ್ಲಿ. ಇದಕ್ಕೇನು ಹೇಳುತ್ತೀರಿ? ಒಂದೇ ಸಲದ ಓದು ಪುರಾವೆಯಲ್ಲ, ಇನ್ನೊಮ್ಮೆ ಅಳೆದು ತೋರಿಸಿ ಎಂದರು ಡಾಕ್ಟರು. ಅಳೆಯಲು ಪಟ್ಟಿ ಇಲ್ಲ, ಗುಂಡಿ ಇಲ್ಲ, ಮ್ಯಾಂಗನೀಸ್ ಇಲ್ಲ.

ಫಲಿತಾಂಶ ಶೂನ್ಯ ಎಂಬ ವರದಿ ಇವತ್ತಿನ ಟಪಾಲಿನಲ್ಲಿ ದೆಹಲಿಯ ಮುಖ್ಯ ಕಚೇರಿಗೆ ಹೋಯಿತು. ಟೈಪ್ ಮಾಡಿದ ಪ್ರತಿಯನ್ನು ಮೂಲದೊಂದಿಗೆ ತಾಳೆ ನೋಡಿದವನು ನಾನು. ಒಂದು ಅಕ್ಷರವೂ ತಪ್ಪಿರಲಿಲ್ಲ.

೩೦ ಜುಲೈ, ಮಂಗಳವಾರ

ಮಳೆಗೆ ಸ್ಟೋರಿನ ಕಪಾಟು ಸೋರಿತೆಂದು ಐತ ಸಾಮಾನೆಲ್ಲ ಕೆಳಗಿಳಿಸುತ್ತಿದ್ದ. ಮೇಲಿನ ಅರೆಯಲ್ಲಿ ಪೇಪರಿನ ಪೊಟ್ಟಣಗಳು, ಒಂದೊಂದಕ್ಕೆ ಒಂದೊಂದು ಬಣ್ಣದ ದಾರ. ಏನು ಎಂದೆ. ತೆಗೆದ ಕಬ್ಬಿಣ ಎಂದ. ಗಿರಣಿಯಲ್ಲಿ ಹಿಟ್ಟಿನ ಮೇಲೆ ಚುಂಬಕ ಆಡಿಸಿ, ಹತ್ತಿದ ಕಬ್ಬಿಣವನ್ನು ಯಜಮಾನರಿಗೆ ತೋರಿಸಲು ಕಟ್ಟಿಡಬೇಕಿತ್ತಂತೆ. ಇಲ್ಲಿ ಯಾರೂ ಕೇಳಲಿಲ್ಲ, ಆದರೂ ಕಟ್ಟಿಡುತ್ತಾ ಬಂದಿದ್ದಾನೆ.

ಹಸಿರು ದಾರದ ಪೊಟ್ಟಣ ಉಳಿದೆಲ್ಲಕ್ಕಿಂತ ದಪ್ಪ. ಕೈಯಲ್ಲಿ ಹಿಡಿದರೆ ಭಾರ.

ಮೇಡಮ್ಮಿನ ಗುಂಡಿಯದ್ದು ಎಂದ ಐತ.

ಬಿಚ್ಚಿದೆ. ಕಬ್ಬಿಣದ ಬೂದು ಬಣ್ಣವಲ್ಲ. ಮಾಸಿದ ಹಿತ್ತಾಳೆಯ ಬಣ್ಣ. ಹದಿನಾಲ್ಕೂವರೆ ಗ್ರಾಂ.

ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಉಜ್ಜುವಾಗ ಅರದ ಉಕ್ಕು ಸವೆದು ಪುಡಿಯಲ್ಲಿ ಸೇರುತ್ತದೆ. ಅದನ್ನು ತೆಗೆಯಲು ಅಯಸ್ಕಾಂತ ಆಡಿಸುವುದು ಬೇರೆ ಯಾವ ಲೋಹಕ್ಕಾದರೂ ಸರಿ. ಈ ಲೋಹ ತಾನೇ ಅಂಟುತ್ತದೆ. ಐತ ಕಬ್ಬಿಣವೆಂದು ತೆಗೆದಿಟ್ಟದ್ದು ವಿನೋದಿನಿಯವರ ಲೋಹವನ್ನು. ಅವರಿಗೆ ಕೊಟ್ಟದ್ದು ಅಂಟದೆ ಉಳಿದ ಸಿಪ್ಪೆ, ಹೊರಗಿನ ತುಕ್ಕು, ಕೆಟ್ಟ ಚೂರು. ಎಕ್ಸ್-ರೇಗೂ ಕಾಂತದ ತಕ್ಕಡಿಗೂ ಚಿಟಿಕೆ ಸಾಕು, ಹಾಗಾಗಿ ಕೊಟ್ಟ ಪುಡಿ ಒಟ್ಟು ಎಷ್ಟೆಂದು ಯಾರೂ ತೂಗಲಿಲ್ಲ.

ಗಿರಣಿಯ ಅಭ್ಯಾಸ, ಪಾಪ.

೩೧ ಜುಲೈ, ಬುಧವಾರ

ಪರೀಕ್ಷೆ ಮಾಡಿದೆವು. ಹಸಿರು ದಾರದ ಪುಡಿ ಗಾಜಿನ ನಳಿಗೆಯಲ್ಲಿ, ಪಕ್ಕಕ್ಕೆ ಅಯಸ್ಕಾಂತ, ಕೆಳಗಿನಿಂದ ಕಾವು. ಪುಡಿ ಅಯಸ್ಕಾಂತದ ಕಡೆಯ ಗೋಡೆಗೆ ಮುಳ್ಳುಮುಳ್ಳಾಗಿ ನಿಂತಿತ್ತು. ನಾನು ಕಾವು ಓದುತ್ತಿದ್ದೆ. ೩೦೦. ೩೧೦. ೩೨೦. ೩೩೦ ದಾಟುತ್ತಿದ್ದಂತೆ ಮುಳ್ಳುಗಳು ಮಲಗಿದವು. ಪುಡಿ ಜಾರಿ ನಳಿಗೆಯ ತಳಕ್ಕೆ ಬಿತ್ತು, ಮರಳಿನ ಹಾಗೆ. ಕಬ್ಬಿಣವಾಗಿದ್ದರೆ ಬೀಳುತ್ತಿರಲಿಲ್ಲ. ದೀಪ ಆರಿಸಿದೆವು. ತಣ್ಣಗಾಗುತ್ತ ಒಂದೊಂದೇ ಮುಳ್ಳು ಎದ್ದು ಮತ್ತೆ ಗೋಡೆ ಹಿಡಿಯಿತು.

ವಿನೋದಿನಿಯವರು ನಳಿಗೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಐತನಿಗೆ ತುಳುವಿನಲ್ಲಿ ಏನೋ ಅಂದರು. ಅವನು ತಲೆ ಕೆರೆದುಕೊಂಡ. ನಮ್ಮ ಗಿರಣಿ ಯಜಮಾನರು ಇದ್ದಿದ್ರೆ ಇದನ್ನೆಲ್ಲ ಹೊರಗೆ ಬಿಸಾಡಿ ನನಗೆ ಬೈತಿದ್ರು ಎಂದು ನನಗೆ ಕನ್ನಡದಲ್ಲಿ ಹೇಳಿದ. ವಿನೋದಿನಿಯವರು ನಕ್ಕರು. ಜುಲೈಯಲ್ಲಿ ಮೊದಲ ಸಲ.

೨ ಆಗಸ್ಟ್, ಶುಕ್ರವಾರ

ಎಕ್ಸ್-ರೇ ಚಿತ್ರ ಬಂತು. ಇರಬೇಕಾದ ಗೆರೆಗಳೆಲ್ಲ ಇವೆ. ಥೀಸಿಸ್ ಉಳಿಯಿತು.

ಮಧ್ಯಾಹ್ನ ಡಾ. ಸಬನೀಸ್ ನಮ್ಮ ಮೂವರನ್ನೂ ಕರೆದರು. ಅವರಿಗೆ ಸಂತೋಷವೂ ಇತ್ತು, ಅವಮಾನವೂ ಇತ್ತು. ದೆಹಲಿಗೆ ಹೋದ ವರದಿಯನ್ನು ವಾಪಸು ಪಡೆಯಬೇಕು, ಕಾರಣ ಬರೆಯಬೇಕು. ಪುಡಿಯ ಮೇಲೆ ಅಯಸ್ಕಾಂತ ಆಡಿಸಲು ಯಾರು ಹೇಳಿದ್ದು ಎಂದು ಐತನನ್ನು ಹಿಂದಿಯಲ್ಲಿ ಕೇಳಿದರು. ಐತ ನೆಲ ನೋಡುತ್ತ ನಿಂತ. ಗೋಡೆ ಗಡಿಯಾರದಲ್ಲಿ ೨.೨೦.

ಯಾರೂ ಹೇಳಲಿಲ್ಲ ಸಾಬ್, ನಾನೇ ಮಾಡಿದ್ದು ಎಂದ.

ನಾನು ಅವನ ಎಡಕ್ಕೆ ಒಂದು ಮಾರು ದೂರದಲ್ಲಿದ್ದೆ.

೫ ಆಗಸ್ಟ್, ಸೋಮವಾರ

ಐತನಿಗೆ ಮೆಮೋ. ಊಟದ ಹೊತ್ತಿನಲ್ಲಿ ಹಿಡಿದು ತಂದ. ಓದಿ ಹೇಳಿ ಎಂದ. ಇಂಗ್ಲಿಷ್ ಅವನಿಗೆ ಬಾರದು.

ಓದಿದೆ. ಸೂಚನೆಯಿಲ್ಲದೆ, ಸ್ವಂತ ಬುದ್ಧಿಯಿಂದ, ಮಾದರಿಯನ್ನು ಬೇರ್ಪಡಿಸಿ ಸಂಶೋಧನೆಗೆ ಹಾನಿ ಮಾಡಿದ್ದಕ್ಕೆ ಆಗಸ್ಟ್ ೩೧ರಿಂದ ಕೆಲಸ ಇಲ್ಲ.

“ಸ್ವಂತ ಬುದ್ಧಿ ಅಂತ ಬರ್ದಿದ್ದಾರಾ?”

ಹೌದು ಎಂದೆ.

“ಬೊಂಬಾಯಿಗೆ ಬಂದು ಇಪ್ಪತ್ತಮೂರು ವರ್ಷ ಆಯ್ತು ಮಾರಾಯ್ರೆ. ನನಗೆ ಸ್ವಂತ ಬುದ್ಧಿ ಉಂಟು ಅಂತ ಯಾರೂ ಹೇಳಿರ್ಲಿಲ್ಲ.”

ನಕ್ಕ. ನಾನು ನಗಲಿಲ್ಲ. ಕಾಗದ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತ.

“ನಿಮ್ಮ ಪರ್ಮನೆಂಟ್ ಆರ್ಡರ್ ಬಂತಾ ಶಾಮಣ್ಣನವರೆ?”

ಇನ್ನೂ ಇಲ್ಲ, ಈ ತಿಂಗಳು ಬರಬಹುದು ಎಂದೆ.

“ಬರ್ಲಿ. ಬಂದ ಮೇಲೆ ಹೇಳಿ” ಎಂದು ಹೋದ.

೬ ಆಗಸ್ಟ್, ಮಂಗಳವಾರ

ಹಳೆಯ ಡೈರಿ ತೆಗೆದೆ. ಟ್ರಂಕಿನ ತಳದಲ್ಲಿತ್ತು. ೧೪ ಫೆಬ್ರವರಿ ೧೯೫೬, ಮಂಗಳವಾರ. ಪುಟ ೪೫. ಇದ್ದದ್ದನ್ನು ಇದ್ದ ಹಾಗೆ ಇಳಿಸುತ್ತೇನೆ:

“ಹಿತ್ತಾಳೆಯ ಪುಡಿಯಲ್ಲಿ ಅರದ ಕಬ್ಬಿಣ ಸೇರಿ ಓದು ಕೆಟ್ಟಿತು. ಡಾಕ್ಟರು ಎಲ್ಲರೆದುರು ನನ್ನನ್ನು ಬೈದರು. ಐತನಿಗೆ ಹೇಳಿದೆ — ಇನ್ನು ಯಾವ ಪುಡಿಯೇ ಬರಲಿ, ಯಾರೇ ಕೊಡಲಿ, ಅಯಸ್ಕಾಂತ ಆಡಿಸಿ ಅಂಟಿದ್ದನ್ನು ತೆಗೆದೇ ಕೊಡಬೇಕು. ನನ್ನನ್ನು ಕೇಳುತ್ತ ನಿಲ್ಲಬೇಡ. ಎರಡು ಸಲ ಹೇಳಿಸಿದೆ.”

ಮೊನ್ನೆ ಹಸಿರು ದಾರದ ಪೊಟ್ಟಣ ಬಿಚ್ಚಿದಾಗಲೇ ನೆನಪಾಗಿತ್ತು. ಆದರೂ ಆ ದಿನ ಇಲ್ಲಿ ಗಿರಣಿಯ ಅಭ್ಯಾಸ ಎಂದು ಬರೆದೆ. ಯಾರೂ ಓದದ ಪುಸ್ತಕದಲ್ಲಿ.

ಜೂನ್ ೨೭ರ ಪುಟವನ್ನೂ ತೆಗೆದು ನೋಡಿದೆ. ನೀವು ಹೇಳಿದ ಪ್ರಕಾರವೇ ಮಾಡಿದ್ದೇನೆ ಎಂದು ಅವನು ಮನೆಗೇ ಬಂದು ಹೇಳಿದ್ದಾನೆ. ನಾನು ಸರಿ ಎಂದಿದ್ದೇನೆ. ಜ್ವರ ಇತ್ತು ಎನ್ನಬಹುದು. ಫೆಬ್ರವರಿಯಲ್ಲಿ ಜ್ವರ ಇರಲಿಲ್ಲ.

ಐತನಿಗೆ ಎಲ್ಲ ನೆನಪಿದೆ. ಆರ್ಡರ್ ಬಂತಾ ಎಂದು ಕೇಳಿದ್ದು ಅದಕ್ಕೇ.

೧೫ ಆಗಸ್ಟ್, ಗುರುವಾರ

ರಜೆ. ಬೆಳಿಗ್ಗೆ ಚಾಳಿನ ಅಂಗಳದಲ್ಲಿ ಧ್ವಜ, ಮಕ್ಕಳಿಗೆ ಪೇಡೆ. ಪಂಕಜಾ ಘಾಟ್ಕೋಪರಿನ ಕ್ವಾರ್ಟರ್ಸ್ ಮಾತು ತೆಗೆದಳು. ಪರ್ಮನೆಂಟ್ ಆದವರಿಗೆ ಎರಡು ಕೋಣೆ, ನಲ್ಲಿ ಒಳಗೇ. ಕಿಟಕಿ ಯಾವ ದಿಕ್ಕಿಗೆ ಎಂದು ಕೇಳಿದಳು. ಪೂರ್ವಕ್ಕೆ ಎಂದೆ. ಐದು ವರ್ಷದಿಂದ ಟೆಂಪರರಿ ಲ್ಯಾಬ್ ಅಸಿಸ್ಟೆಂಟಿನ ಹೆಂಡತಿ, ಒಂದು ಸಲವೂ ತಾನಾಗಿ ಕೇಳಿದವಳಲ್ಲ.

೧೭ ಆಗಸ್ಟ್, ಶನಿವಾರ

ವಿನೋದಿನಿಯವರು ಸ್ಟೋರಿಗೇ ಬಂದರು. ಐತನ ಪರವಾಗಿ ಡಾಕ್ಟರಲ್ಲಿ ಎರಡು ಸಲ ಮಾತಾಡಿದ್ದಾರೆ. ಪೊಟ್ಟಣ ಕಟ್ಟಿಟ್ಟವನೂ ಅವನೇ ಅಲ್ಲವೇ ಎಂದು ಕೇಳಿದರಂತೆ. ದೆಹಲಿಗೆ ಕಾರಣ ಕೊಡಬೇಕಲ್ಲ ಎಂದರಂತೆ ಡಾಕ್ಟರು.

“ಐತ ತಾನಾಗಿ ಹಾಗೆ ಮಾಡುವ ಜನ ಅಲ್ಲ. ನಾನು ಒಂದು ಬೀಕರ್ ತೊಳಿ ಅಂದ್ರೂ ಬಿಸಿನೀರಾ ತಣ್ಣೀರಾ ಅಂತ ಕೇಳ್ತಾನೆ. ಯಾರೋ ಹೇಳಿದ್ದಾರೆ. ನಿಮಗೆ ಗೊತ್ತುಂಟಾ?”

ಗೊತ್ತಿಲ್ಲ ಎಂದೆ.

ನನ್ನನ್ನೇ ಒಮ್ಮೆ ನೋಡಿ ಹೋದರು. ಈವರೆಗೆ ಸುಮ್ಮನಿದ್ದೆ ಅಷ್ಟೇ. ಇವತ್ತು ಬಾಯಿಬಿಟ್ಟು ಸುಳ್ಳು ಹೇಳಿದೆ. ಮಧ್ಯಾಹ್ನ ೧೨.೧೫.

೧೯ ಆಗಸ್ಟ್, ಸೋಮವಾರ

ಆರ್ಡರ್ ಬಂತು. ಸೆಪ್ಟೆಂಬರ್ ೧ರಿಂದ ಪರ್ಮನೆಂಟ್. ಐತ ಹೋಗುವ ದಿನದ ಮರುದಿನ. ಎರಡೂ ಕಾಗದ ಒಂದೇ ಟೈಪ್‌ರೈಟರಿನದು. ಇಂಗ್ಲಿಷಿನ ‘ಇ’ ಅಕ್ಷರ ಎರಡರಲ್ಲೂ ಮೇಲಕ್ಕೆ ಹಾರಿದೆ.

ಎಲ್ಲರಿಗಿಂತ ಮೊದಲು ತಿಳಿದವನು ಐತ. ನನಗೆ ಹೇಳುವ ಕೆಲಸವನ್ನೇ ಇಡಲಿಲ್ಲ. ಆಯ್ತಲ್ಲ, ಇನ್ನು ಪಂಕಜಮ್ಮನಿಗೆ ನೀರು ಹೊರುವ ಕಷ್ಟ ಇಲ್ಲ ಎಂದ. ಊರಿಗೆ ಹೋಗುತ್ತೀಯಾ ಎಂದು ಕೇಳಿದೆ. ಊರಲ್ಲಿ ಎಂತ ಉಂಟು, ಗಿರಣಿಯಲ್ಲಿ ಕೇಳಿ ನೋಡುವುದು ಎಂದ. ಆಮೇಲೆ ಕೈ ನೋಡಿಕೊಂಡ. ಗಿರಣಿಗೆ ಈ ವಯಸ್ಸಿನವರು ಬೇಡ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು.

ಸಂಜೆ ಆರ್ಡರನ್ನು ಪಂಕಜಾ ಕೈಗೆ ಕೊಟ್ಟೆ. ದೇವರ ಮುಂದೆ ಇಟ್ಟಳು. ಊಟಕ್ಕೆ ಪಾಯಸ.

“ಏನ್ರೀ ಇದು, ಇವತ್ತೂ ಅರ್ಧಕ್ಕೆ ಎದ್ರಿ. ಎರಡು ವಾರದಿಂದ ನೋಡ್ತಿದೀನಿ. ಏನಾಗಿದೆ ಹೇಳಿ.”

ಹೇಳಿದೆ. ಫೆಬ್ರವರಿಯಿಂದ ಶನಿವಾರದವರೆಗೆ, ತಾರೀಖು ಸಹಿತ. ಮುಗಿದ ಮೇಲೆ ಎದ್ದು ಪಾತ್ರೆ ಎತ್ತಿಟ್ಟಳು. ಹೇಳಿಬಿಟ್ಟರೆ ಆ ಆರ್ಡರ್ ಇರುತ್ತದೆಯೇ ಎಂದು ಕೇಳಿದಳು. ಗೊತ್ತಿಲ್ಲ, ಇರಲಾರದು, ಇರುವ ಕೆಲಸವೂ ಹೋಗಬಹುದು ಎಂದೆ.

“ನಿಮಗೆ ಜ್ವರ ಬಂದಾಗ ಈ ಚಾಳಲ್ಲಿ ಯಾರೂ ನಮ್ಮ ಬಾಗಿಲಿಗೆ ಬರ್ಲಿಲ್ಲ. ಆ ಮನುಷ್ಯ ಮಳೇಲಿ ನೆನ್ಕೊಂಡು ಅಕ್ಕಿ ತಂದ.”

ದೇವರ ಮುಂದಿನ ಕಾಗದವನ್ನು ತಂದು ನನ್ನ ಕೈಲಿಟ್ಟಳು.

“ನಲ್ಲಿ ಹೊರಗೇ ಇರ್ಲಿ.”

೨೦ ಆಗಸ್ಟ್, ಮಂಗಳವಾರ. ಬೆಳಿಗ್ಗೆ ೧೦.೪೦

ಡಾ. ಸಬನೀಸರ ಕೋಣೆಯ ಹೊರಗೆ, ಬೆಂಚಿನ ಮೇಲೆ. ಒಳಗೆ ಯಾರೋ ಇದ್ದಾರೆ. ಕಾಯಲು ಹೇಳಿದರು.

೮.೧೨ರ ಗಾಡಿ ಸರಿಯಾದ ಹೊತ್ತಿಗೆ ಬಂತು. ಪೇಪರ್ ತೆಗೆಯಲಿಲ್ಲ.

ಚೀಲದಲ್ಲಿ ಆರ್ಡರ್ ಇದೆ, ಹಳೆಯ ಡೈರಿ ಇದೆ, ಇದೂ ಇದೆ. ಇಂಗ್ಲಿಷಿನಲ್ಲಿ ಅರ್ಧ ಪುಟದ ಹೇಳಿಕೆ ಬರೆದಿದ್ದೇನೆ. ದೆಹಲಿಗೆ ಹೋಗುವ ಪತ್ರದಲ್ಲಿ ಐತನ ಹೆಸರಿರುವ ಸಾಲಿನಲ್ಲೇ ನನ್ನ ಹೆಸರು ಬರಬೇಕು, ಕೆಳಗೆ ಟಿಪ್ಪಣಿಯಲ್ಲಿ ಅಲ್ಲ ಎಂದು ಕೇಳಿಕೊಳ್ಳುತ್ತೇನೆ. ಅಪ್ಪ ಗೆಲ್ಲದ ಜಗಳ. ವಿನೋದಿನಿಯವರಿಗೆ ಬೆಳಿಗ್ಗೆಯೇ ಹೇಳಿ ಬಂದೆ. ಡೈರಿಯ ಕನ್ನಡವನ್ನು ಡಾಕ್ಟರಿಗೆ ಓದಿ ಹೇಳಲು ಬೇಕಾದರೆ ಕರೆಯಿರಿ ಎಂದರು.

ಐತ ಓಣಿಯ ಕೊನೆಯಲ್ಲಿ ನೆಲ ಒರೆಸುತ್ತಿದ್ದಾನೆ. ನನ್ನ ತೊಡೆಯ ಮೇಲಿನ ಹಳೆಯ ಪುಸ್ತಕ ನೋಡಿದ. ಏನೆಂದು ಗೊತ್ತಾಗಿರಬೇಕು. ಬಟ್ಟೆ ಕೈಯಲ್ಲೇ ಹಿಡಿದು ಎದ್ದು ನಿಂತ. ಬೇಡ ಎಂದು ತಲೆಯಾಡಿಸುತ್ತಿದ್ದಾನೆ.

ಕಾಯುವ ಹೊತ್ತಿನಲ್ಲಿ ಇಲ್ಲಿಯದನ್ನೂ ಸರಿಮಾಡುತ್ತೇನೆ. ಜುಲೈ ೩೦ರ ಪುಟದ ಕೊನೆಯ ಸಾಲು ಹೊಡೆದುಹಾಕಿದೆ. ಅದೇ ಪುಟದಲ್ಲಿ, ಅಂಚಿನಲ್ಲಿ ಜಾಗವಿದೆ. ತಿದ್ದುಪಡಿ: ಗಿರಣಿಯ ಅಭ್ಯಾಸವಲ್ಲ. ಹಾಗೆ ಮಾಡಲು ಹೇಳಿದವನು ನಾನು, ತಾರೀಖು ೧೪

ಕರೆದರು.